ಕೋವಿಡ್-19 ಸಾಂಕ್ರಾಮಿಕ ಮತ್ತು ವಲಸಿಗರ ಪೌರತ್ವಾಕಾಂಕ್ಷೆ

ಕೋವಿಡ್-19 ಸಾಂಕ್ರಾಮಿಕವು 2020ರಿಂದ 2022ರವರೆಗಿನ ಅವಧಿಯಲ್ಲಿ ಅನ್ಯದೇಶಗಳಲ್ಲಿ ನೆಲೆಸಿದ್ದ ವಲಸಿಗರ ಪೌರತ್ವ ಸಂಬಂಧಿ ನಿರ್ಧಾರಗಳ ಮೇಲೆ ಗಣನೀಯ ಪ್ರಭಾವ ಬೀರಿತು. ಕಚೇರಿಗಳು ಮುಚ್ಚಿದ್ದರಿಂದ ಪರೀಕ್ಷೆ, ಸಂದರ್ಶನ ಹಾಗೂ ಪ್ರಮಾಣವಚನ ಸಮಾರಂಭಗಳು ನಿಂತುಹೋದವು. ಗಡಿಗಳು ಮುಚ್ಚಿದ್ದರಿಂದ ಕುಟುಂಬಗಳು ಎರಡು ದೇಶಗಳಲ್ಲಿ ಹರಿದುಹಂಚಿ ಉಳಿದವು. ಉದ್ಯೋಗ ನಷ್ಟದಿಂದ ತಾತ್ಕಾಲಿಕ ವೀಸಾದಾರರ ವಾಸದ ಹಕ್ಕೇ ಅಲುಗಾಡಿತು. ಅದೇ ವೇಳೆಗೆ ಕೆಲವು ದೇಶಗಳು ಆರೋಗ್ಯ ಮತ್ತು ಅಗತ್ಯ ಸೇವೆಗಳಲ್ಲಿ ದುಡಿದ ವಲಸಿಗರಿಗೆ ಶಾಶ್ವತ ನಿವಾಸ ಅಥವಾ ಪೌರತ್ವದ ಹೊಸ ದಾರಿಗಳನ್ನು ತೆರೆದವು. ಪರಿಣಾಮವಾಗಿ ಪೌರತ್ವ ಪಡೆದವರ ಸಂಖ್ಯೆ 2020ರಲ್ಲಿ ಹಲವೆಡೆ ಇಳಿದು, ನಂತರದ ಎರಡು ವರ್ಷಗಳಲ್ಲಿ ಏರಿತು.

ಈ ಪ್ರಭಾವವು ಎಲ್ಲ ವಲಸಿಗರ ಮೇಲೂ ಒಂದೇ ತೆರನಾಗಿರಲಿಲ್ಲ. ವಲಸಿಗನು ಯಾವ ದೇಶದಲ್ಲಿದ್ದನು, ಯಾವ ಬಗೆಯ ವೀಸಾ ಹೊಂದಿದ್ದನು, ಅವನ ಮೂಲ ದೇಶವು ಇಬ್ಬಗೆಯ ಪೌರತ್ವವನ್ನು ಒಪ್ಪುತ್ತದೆಯೇ ಎಂಬುದರ ಮೇಲೆ ಅದು ಅವಲಂಬಿಸಿತ್ತು. ಭಾರತೀಯ ಸಂವಿಧಾನವು ಇಬ್ಬಗೆಯ ಪೌರತ್ವಕ್ಕೆ ಅವಕಾಶ ನೀಡದಿರುವ ಕಾರಣ, ಭಾರತೀಯ ವಲಸಿಗರ ಪಾಲಿಗೆ ಈ ನಿರ್ಧಾರವು ಒಂದನ್ನು ಪಡೆದು ಇನ್ನೊಂದನ್ನು ಬಿಟ್ಟುಕೊಡುವ ಆಯ್ಕೆಯಾಗಿತ್ತು.

ಹಿನ್ನೆಲೆ

ಪೌರತ್ವವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ದೊರೆಯುತ್ತದೆ. ಜನನದಿಂದ ಅಥವಾ ತಂದೆತಾಯಿಗಳ ಮೂಲಕ ದೊರೆಯುವುದು ಸ್ವಾಭಾವಿಕ ಪೌರತ್ವ. ಅನ್ಯದೇಶದಲ್ಲಿ ನಿಗದಿತ ಕಾಲ ವಾಸಿಸಿ, ಅಲ್ಲಿನ ಕಾನೂನು ವಿಧಿಸುವ ಷರತ್ತುಗಳನ್ನು ಪೂರೈಸಿ ಪಡೆಯುವುದು ಸಹಜೀಕೃತ ಪೌರತ್ವ. ವಲಸಿಗರಿಗೆ ಸಂಬಂಧಿಸಿದ್ದು ಎರಡನೆಯ ಬಗೆ.

ಸಹಜೀಕೃತ ಪೌರತ್ವದ ಹಾದಿಯಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಿರುತ್ತವೆ. ಮೊದಲನೆಯದು ವಿದ್ಯಾಭ್ಯಾಸ ಅಥವಾ ಉದ್ಯೋಗಕ್ಕಾಗಿ ದೊರೆಯುವ ತಾತ್ಕಾಲಿಕ ವೀಸಾ. ಎರಡನೆಯದು ಶಾಶ್ವತ ನಿವಾಸದ ಹಕ್ಕು. ಅಮೆರಿಕದಲ್ಲಿ ಇದನ್ನು ಗ್ರೀನ್ ಕಾರ್ಡ್ ಎಂದು ಕರೆಯುವುದು ರೂಢಿ. ಮೂರನೆಯದು ಪೌರತ್ವ. ಮೂರನೆಯ ಮೆಟ್ಟಿಲನ್ನು ಏರುವುದು ಕಡ್ಡಾಯವಲ್ಲ. ಶಾಶ್ವತ ನಿವಾಸಿಗಳು ಜೀವಮಾನವಿಡೀ ಪೌರತ್ವ ಪಡೆಯದೆ ಉಳಿಯಬಹುದು. ಶುಲ್ಕ, ಭಾಷಾ ಪರೀಕ್ಷೆಯ ಭಯ, ಮೂಲ ದೇಶದ ಪೌರತ್ವ ಕಳೆದುಹೋಗುವ ಹಿಂಜರಿಕೆ ಹಾಗೂ ತಾಯ್ನಾಡಿಗೆ ಮರಳುವ ಆಸೆ ಇಂತಹ ಮುಂದೂಡಿಕೆಗೆ ಮುಖ್ಯ ಕಾರಣಗಳು.

ಪೌರತ್ವದ ಅರ್ಜಿಗೆ ವಾಸ್ತವ್ಯದ ಅವಧಿಯೇ ಮೂಲ ಷರತ್ತು. ಅಮೆರಿಕದಲ್ಲಿ ಶಾಶ್ವತ ನಿವಾಸಿಯಾಗಿ ಐದು ವರ್ಷಗಳನ್ನು ಕಳೆದು, ಅದರಲ್ಲಿ ಕನಿಷ್ಠ 30 ತಿಂಗಳು ದೇಶದೊಳಗೇ ಇರಬೇಕು. ಅಮೆರಿಕದ ಪ್ರಜೆಯನ್ನು ವಿವಾಹವಾಗಿ ಜೊತೆಯಲ್ಲಿ ಬಾಳುತ್ತಿರುವವರಿಗೆ ಈ ಅವಧಿ ಮೂರು ವರ್ಷ. ಕೆನಡಾದಲ್ಲಿ ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ 1,095 ದಿನ ದೇಶದೊಳಗೆ ಇದ್ದಿರಬೇಕು. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷಗಳ ಕಾನೂನುಬದ್ಧ ವಾಸವಿರಬೇಕು. ಅದರಲ್ಲಿ ಕೊನೆಯ ಒಂದು ವರ್ಷ ಶಾಶ್ವತ ನಿವಾಸಿಯಾಗಿರಬೇಕು. ಹೀಗೆ ದಿನಗಳ ಎಣಿಕೆಯ ಮೇಲೆ ನಿಂತ ವ್ಯವಸ್ಥೆಯು, ಜನರ ಸಂಚಾರವೇ ಸ್ತಬ್ಧವಾದ ಕಾಲದಲ್ಲಿ ಅನಿರೀಕ್ಷಿತ ತೊಡಕುಗಳಿಗೆ ಒಳಗಾಯಿತು.

ಪ್ರಭಾವದ ಬಗೆಗಳು

ಸಾಂಕ್ರಾಮಿಕವು ವಲಸಿಗರ ಪೌರತ್ವದ ಯೋಜನೆಗಳನ್ನು ಮುಖ್ಯವಾಗಿ ಐದು ಬಗೆಯಲ್ಲಿ ಪ್ರಭಾವಿಸಿತು.

ಆಡಳಿತಾತ್ಮಕ ವಿಳಂಬ: ಬೆರಳಚ್ಚು ನೀಡುವುದು, ಸಂದರ್ಶನ, ಪರೀಕ್ಷೆ ಹಾಗೂ ಪ್ರಮಾಣವಚನ ಇವೆಲ್ಲವೂ ಅರ್ಜಿದಾರರು ಖುದ್ದಾಗಿ ಹಾಜರಾಗಬೇಕಾದ ಹಂತಗಳು. ಅವು ನಿಂತೊಡನೆ ಅರ್ಹರಾದವರೂ ಕಾಯಬೇಕಾಯಿತು.

ವಾಸ್ತವ್ಯದ ಎಣಿಕೆಗೆ ಭಂಗ: ಕಾಯಿಲೆ ಬಿದ್ದ ಹೆತ್ತವರನ್ನು ನೋಡಲು ಅಥವಾ ಅಂತ್ಯಕ್ರಿಯೆಗೆಂದು ತಾಯ್ನಾಡಿಗೆ ಹೋದವರು ವಿಮಾನಗಳಿಲ್ಲದೆ ತಿಂಗಳುಗಟ್ಟಲೆ ಅಲ್ಲಿಯೇ ಉಳಿದರು. ಅಮೆರಿಕದ ನಿಯಮದಂತೆ ಆರು ತಿಂಗಳಿಗೂ ಮೀರಿದ ಗೈರುಹಾಜರಿಯು ನಿರಂತರ ವಾಸಕ್ಕೆ ಭಂಗ ತಂದಿದೆ ಎಂದು ಭಾವಿಸಲಾಗುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅರ್ಜಿದಾರನದು. ಮುಂಗಡ ಅನುಮತಿಯಿಲ್ಲದೆ ಒಂದು ವರ್ಷ ಮೀರಿದರೆ ಗ್ರೀನ್ ಕಾರ್ಡ್ ಹಿಡಿದು ಮರಳಿ ಪ್ರವೇಶಿಸುವುದೇ ಕಠಿಣವಾಗುತ್ತದೆ.

ಉದ್ಯೋಗದ ಅಭದ್ರತೆ: ಉದ್ಯೋಗದಾತರ ಹೆಸರಿಗೆ ಕಟ್ಟುಬಿದ್ದ ವೀಸಾ ಹೊಂದಿದವರಿಗೆ ಕೆಲಸ ಹೋಗುವುದೆಂದರೆ ದೇಶದಲ್ಲಿ ಉಳಿಯುವ ಹಕ್ಕೇ ಹೋದಂತೆ. ಅಮೆರಿಕದ ಎಚ್-1ಬಿ ವೀಸಾದಾರರಿಗೆ ಕೆಲಸ ಕಳೆದುಕೊಂಡ ನಂತರ ಬೇರೆ ಉದ್ಯೋಗ ಹುಡುಕಲು ಗರಿಷ್ಠ 60 ದಿನಗಳ ಕಾಲಾವಕಾಶವಿರುತ್ತದೆ. ವಿಮಾನ ಸಂಚಾರ ನಿಂತಿದ್ದ 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಗಡುವು ತೀವ್ರ ಆತಂಕಕ್ಕೆ ಕಾರಣವಾಯಿತು.

ಗಡಿಯಲ್ಲಿನ ತಾರತಮ್ಯ: ಬಹುತೇಕ ದೇಶಗಳು ಗಡಿ ಮುಚ್ಚಿದಾಗಲೂ ತಮ್ಮ ಪ್ರಜೆಗಳಿಗೆ ಪ್ರವೇಶವನ್ನು ನಿರಾಕರಿಸಲಿಲ್ಲ. ಹಲವು ದೇಶಗಳು ಶಾಶ್ವತ ನಿವಾಸಿಗಳಿಗೂ ಈ ಹಕ್ಕನ್ನು ವಿಸ್ತರಿಸಿದವು. ತಾತ್ಕಾಲಿಕ ವೀಸಾದಾರರನ್ನು ಹೊರಗಿರಿಸಿದವು. ಹತ್ತಾರು ವರ್ಷ ತೆರಿಗೆ ಸಲ್ಲಿಸಿ ಬಾಳಿದ ವ್ಯಕ್ತಿಯೂ ವೀಸಾದ ಹೆಸರಿನಿಂದಲೇ ಹೊರಗಿನವನೆಂದು ಪರಿಗಣಿತನಾದುದು ಪಾಸ್‌ಪೋರ್ಟಿನ ಬೆಲೆಯನ್ನು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟಿತು.

ಸೇವೆಗೆ ಮನ್ನಣೆ: ಆಸ್ಪತ್ರೆ, ವೃದ್ಧಾಶ್ರಮ, ಸ್ವಚ್ಛತೆ, ಕೃಷಿ, ದಿನಸಿ ಅಂಗಡಿ ಮುಂತಾದೆಡೆ ಸೋಂಕಿನ ನಡುವೆ ದುಡಿದವರಲ್ಲಿ ವಲಸಿಗರ ಪ್ರಮಾಣ ಹೆಚ್ಚಾಗಿತ್ತು. ಇವರಿಗೆ ವಾಸದ ಭದ್ರತೆ ನೀಡಬೇಕೆಂಬ ಅಭಿಪ್ರಾಯಕ್ಕೆ ಹಲವು ದೇಶಗಳಲ್ಲಿ ಬಲ ಬಂದಿತು.

ಅಮೆರಿಕ ಸಂಯುಕ್ತ ಸಂಸ್ಥಾನ

ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಸಂಸ್ಥೆಯು 2020ರ ಮಾರ್ಚ್ 18ರಂದು ಸಾರ್ವಜನಿಕರು ಖುದ್ದಾಗಿ ಹಾಜರಾಗಬೇಕಾದ ಎಲ್ಲ ಸೇವೆಗಳನ್ನು ಸ್ಥಗಿತಗೊಳಿಸಿತು. ಕಚೇರಿಗಳು ಮತ್ತೆ ತೆರೆಯಲಾರಂಭಿಸಿದ್ದು ಜೂನ್ 4ರಿಂದ. ಸಂದರ್ಶನ ಮುಗಿದು, ಅರ್ಜಿ ಅಂಗೀಕೃತವಾಗಿ, ಪ್ರಮಾಣವಚನವೊಂದೇ ಬಾಕಿಯಿದ್ದ 1 ಲಕ್ಷಕ್ಕೂ ಹೆಚ್ಚು ಜನರು ಈ ಅವಧಿಯಲ್ಲಿ ಕಾಯುತ್ತ ಉಳಿದರು. ಅಮೆರಿಕದ ಕಾನೂನಿನಂತೆ ಪ್ರಮಾಣವಚನ ಸ್ವೀಕರಿಸಿದ ಕ್ಷಣದಿಂದ ಮಾತ್ರ ಪೌರತ್ವ ದೊರೆಯುತ್ತದೆ. 2020ರ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಲಿದ್ದುದರಿಂದ, ಈ ವಿಳಂಬವು ಮತದಾನದ ಹಕ್ಕಿನ ಪ್ರಶ್ನೆಯೂ ಆಯಿತು.

ಪ್ರಮಾಣವಚನವನ್ನು ಅಂತರಜಾಲದ ಮೂಲಕ ಬೋಧಿಸಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸಂಸ್ಥೆಯು ನಿಲುವು ತಳೆಯಿತು. ಬದಲಿಗೆ ಸಮಾರಂಭಗಳನ್ನು ಕಿರಿದುಗೊಳಿಸಲಾಯಿತು. ಡೆಟ್ರಾಯಿಟ್ ಮೊದಲಾದೆಡೆ ಅರ್ಜಿದಾರರು ತಮ್ಮ ಕಾರಿನಲ್ಲಿ ಕುಳಿತೇ ಪ್ರಮಾಣವಚನ ಸ್ವೀಕರಿಸಿದರು. ಕುಟುಂಬದವರೂ ಸ್ನೇಹಿತರೂ ಸೇರಿ ಸಂಭ್ರಮಿಸುತ್ತಿದ್ದ ಸಮಾರಂಭವು ಕೆಲವೇ ನಿಮಿಷಗಳ ಔಪಚಾರಿಕ ಕಾರ್ಯವಾಯಿತು.

ಅರ್ಜಿ ಶುಲ್ಕದಿಂದಲೇ ಬಹುಪಾಲು ನಡೆಯುವ ಈ ಸಂಸ್ಥೆಯು ಆದಾಯ ಕುಸಿದುದರಿಂದ ಸುಮಾರು 13 ಸಾವಿರ ಸಿಬ್ಬಂದಿಯನ್ನು ವೇತನರಹಿತ ರಜೆಯ ಮೇಲೆ ಕಳುಹಿಸುವ ಸೂಚನೆ ನೀಡಿತ್ತು. 2020ರ ಆಗಸ್ಟ್ 25ರಂದು ಅದನ್ನು ಕೈಬಿಡಲಾಯಿತು. ಪೌರತ್ವ ಅರ್ಜಿಯ ಶುಲ್ಕವನ್ನು ಅಕ್ಟೋಬರ್ 2ರಿಂದ 640 ಡಾಲರ್‌ಗಳಿಂದ 1,160 ಡಾಲರ್‌ಗಳಿಗಿಂತ ಹೆಚ್ಚಿಗೆ ಏರಿಸುವ ನಿಯಮವನ್ನು ಫೆಡರಲ್ ನ್ಯಾಯಾಲಯವೊಂದು ಸೆಪ್ಟೆಂಬರ್ ಅಂತ್ಯದಲ್ಲಿ ತಡೆಹಿಡಿಯಿತು. 2020ರ ಡಿಸೆಂಬರ್ 1ರಿಂದ ಹೆಚ್ಚು ಕಠಿಣವಾದ ಪೌರನೀತಿ ಪರೀಕ್ಷೆ ಜಾರಿಗೆ ಬಂದರೂ 2021ರ ಮಾರ್ಚ್ 1ರಿಂದ 2008ರ ಹಳೆಯ ಪರೀಕ್ಷೆಗೆ ಮರಳಲಾಯಿತು.

ಅಂಕಿಅಂಶಗಳು ಈ ಏರಿಳಿತವನ್ನು ತೋರಿಸುತ್ತವೆ. ಅಮೆರಿಕದ ಹಣಕಾಸು ವರ್ಷವು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. 2019ನೇ ಹಣಕಾಸು ವರ್ಷದಲ್ಲಿ ಸುಮಾರು 8.44 ಲಕ್ಷ ಜನರು ಪೌರತ್ವ ಪಡೆದರು. 2020ರಲ್ಲಿ ಈ ಸಂಖ್ಯೆ ಸುಮಾರು 6.28 ಲಕ್ಷಕ್ಕೆ ಇಳಿಯಿತು. 2021ರಲ್ಲಿ ಸುಮಾರು 8.14 ಲಕ್ಷಕ್ಕೂ 2022ರಲ್ಲಿ ಸುಮಾರು 9.69 ಲಕ್ಷಕ್ಕೂ ಏರಿತು. ಗಮನಾರ್ಹ ಸಂಗತಿಯೆಂದರೆ, ಪೌರತ್ವ ದೊರೆತವರ ಸಂಖ್ಯೆ ಕುಸಿದ 2020ರಲ್ಲಿಯೇ ಹೊಸ ಅರ್ಜಿಗಳ ಸಂಖ್ಯೆ ಹಿಂದಿನ ವರ್ಷದ ಸುಮಾರು 8.3 ಲಕ್ಷದಿಂದ 9.6 ಲಕ್ಷವನ್ನು ದಾಟಿತ್ತು. ಶುಲ್ಕ ಏರುವ ಭಯ ಮತ್ತು ಚುನಾವಣೆ ಇದಕ್ಕೆ ಇತರ ಕಾರಣಗಳಾಗಿದ್ದವು. ಅಂದರೆ ಇಳಿದದ್ದು ಪೌರತ್ವದ ಆಸೆಯಲ್ಲ, ಅದನ್ನು ಪೂರೈಸುವ ಕಚೇರಿಗಳ ಸಾಮರ್ಥ್ಯ.

ಪೌರತ್ವಕ್ಕೆ ಹಿಂದಿನ ಮೆಟ್ಟಿಲಾದ ಗ್ರೀನ್ ಕಾರ್ಡಿನ ಮೇಲೂ ಸಾಂಕ್ರಾಮಿಕದ ನೆರಳು ಬಿದ್ದಿತು. 2020ರ ಏಪ್ರಿಲ್ 22ರ ಅಧ್ಯಕ್ಷೀಯ ಘೋಷಣೆಯು ಹೊರದೇಶಗಳಿಂದ ಬರುವ ಹಲವು ವರ್ಗದ ಶಾಶ್ವತ ವಲಸಿಗರ ಪ್ರವೇಶವನ್ನು ತಡೆಯಿತು. ಜೂನ್ 22ರ ಇನ್ನೊಂದು ಘೋಷಣೆಯು ಎಚ್-1ಬಿ, ಎಲ್ ಮುಂತಾದ ಉದ್ಯೋಗ ವೀಸಾಗಳಿಗೂ ನಿರ್ಬಂಧ ವಿಧಿಸಿತು. ಮೊದಲನೆಯದನ್ನು 2021ರ ಫೆಬ್ರವರಿಯಲ್ಲಿ ಹಿಂಪಡೆಯಲಾಯಿತು. ಎರಡನೆಯದು ಮಾರ್ಚ್ 31ಕ್ಕೆ ಕೊನೆಗೊಂಡಿತು.

ಕುಟುಂಬ ಆಧಾರಿತ ವೀಸಾಗಳು ಬಳಕೆಯಾಗದೆ ಉಳಿದ ಕಾರಣ, ನಿಯಮದಂತೆ ಅವು ಮರುವರ್ಷದ ಉದ್ಯೋಗ ಆಧಾರಿತ ಮಿತಿಗೆ ಸೇರಿದವು. ಹೀಗಾಗಿ ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 1.4 ಲಕ್ಷವಿರುವ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು 2021ನೇ ಹಣಕಾಸು ವರ್ಷದಲ್ಲಿ ಸುಮಾರು 2.62 ಲಕ್ಷ ಲಭ್ಯವಾದವು. ಒಂದು ದೇಶಕ್ಕೆ ಶೇಕಡ 7ರ ಮಿತಿಯಿರುವುದರಿಂದ ದಶಕಗಳ ಕಾಯುವಿಕೆಯಲ್ಲಿರುವ ಭಾರತೀಯರಿಗೆ ಇದು ಅಪರೂಪದ ಅವಕಾಶವಾಗಿತ್ತು. ಕೆಲವರು ನಿರೀಕ್ಷೆಗಿಂತ ಬೇಗನೆ ಗ್ರೀನ್ ಕಾರ್ಡ್ ಪಡೆದರು. ಆದರೆ ಕಚೇರಿಗಳ ವಿಳಂಬದಿಂದ ಸುಮಾರು 66 ಸಾವಿರ ಕಾರ್ಡ್‌ಗಳು ಯಾರಿಗೂ ದೊರೆಯದೆ ಅವಧಿ ಮುಗಿದು ವ್ಯರ್ಥವಾದವು.

ಕೆನಡಾ

ಕೆನಡಾ ಸರ್ಕಾರವು 2020ರ ಮಾರ್ಚ್ ಮಧ್ಯದಲ್ಲಿ ಪೌರತ್ವ ಪರೀಕ್ಷೆ ಮತ್ತು ಸಮಾರಂಭಗಳನ್ನು ರದ್ದುಪಡಿಸಿತು. ಅಮೆರಿಕಕ್ಕಿಂತ ಭಿನ್ನವಾಗಿ ಅದು ಅಂತರಜಾಲದ ಮಾರ್ಗವನ್ನು ಬೇಗನೆ ಒಪ್ಪಿಕೊಂಡಿತು. ಅಂತರಜಾಲದ ಮೂಲಕ ಮೊದಲ ಪ್ರಮಾಣವಚನವು 2020ರ ಏಪ್ರಿಲ್ 1ರಂದು ನಡೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಪೌರತ್ವ ಪರೀಕ್ಷೆಯೂ ಅಂತರಜಾಲದಲ್ಲಿ ಆರಂಭವಾಯಿತು. 30 ನಿಮಿಷಗಳ ಈ ಪರೀಕ್ಷೆಯಲ್ಲಿ 20 ಪ್ರಶ್ನೆಗಳಿದ್ದು, 15ಕ್ಕೆ ಸರಿಯುತ್ತರ ನೀಡಬೇಕಿತ್ತು. 2021ರ ಆಗಸ್ಟ್‌ನಿಂದ ಅರ್ಜಿಯನ್ನೂ ಅಂತರಜಾಲದಲ್ಲಿ ಸಲ್ಲಿಸಲು ಅವಕಾಶವಾಯಿತು.

ಹೊರಗಿನಿಂದ ಜನರು ಬರಲಾಗದ ಕಾರಣ 2020ರಲ್ಲಿ ಕೆನಡಾಕ್ಕೆ ಬಂದ ಹೊಸ ಶಾಶ್ವತ ನಿವಾಸಿಗಳ ಸಂಖ್ಯೆ 3.41 ಲಕ್ಷದ ಗುರಿಯೆದುರು ಸುಮಾರು 1.84 ಲಕ್ಷಕ್ಕೆ ಕುಸಿಯಿತು. ಇದನ್ನು ಸರಿದೂಗಿಸಲು ಸರ್ಕಾರವು ಆಗಲೇ ದೇಶದೊಳಗಿದ್ದ ತಾತ್ಕಾಲಿಕ ವಲಸಿಗರತ್ತ ತಿರುಗಿತು. 2021ರ ಫೆಬ್ರವರಿ 13ರಂದು ಒಂದೇ ದಿನ 27,332 ಜನರಿಗೆ ಶಾಶ್ವತ ನಿವಾಸಕ್ಕೆ ಅರ್ಜಿ ಸಲ್ಲಿಸಲು ಆಹ್ವಾನ ನೀಡಲಾಯಿತು. ಇದಕ್ಕೆ ಬೇಕಾದ ಕನಿಷ್ಠ ಅಂಕ ಕೇವಲ 75 ಆಗಿತ್ತು. ಸಾಂಕ್ರಾಮಿಕಕ್ಕೆ ಮುಂಚೆ ಅದು ಸಾಮಾನ್ಯವಾಗಿ 400ನ್ನು ಮೀರುತ್ತಿತ್ತು. ಅದೇ ವರ್ಷದ ಮೇ 6ರಿಂದ 90 ಸಾವಿರ ಸ್ಥಾನಗಳ ವಿಶೇಷ ಯೋಜನೆ ಆರಂಭವಾಯಿತು. ಅದರಲ್ಲಿ 20 ಸಾವಿರ ಆರೋಗ್ಯ ಸೇವಕರಿಗೆ, 30 ಸಾವಿರ ಇತರ ಅಗತ್ಯ ಸೇವೆಗಳ ನೌಕರರಿಗೆ, 40 ಸಾವಿರ ಕೆನಡಾದಲ್ಲಿ ಓದಿದ ವಿದೇಶಿ ಪದವೀಧರರಿಗೆ ಮೀಸಲಾಗಿದ್ದವು. 2021ರಲ್ಲಿ ಶಾಶ್ವತ ನಿವಾಸ ಪಡೆದವರ ಸಂಖ್ಯೆ 4 ಲಕ್ಷವನ್ನು ದಾಟಿತು.

ಆಸ್ಪತ್ರೆ ಹಾಗೂ ವೃದ್ಧಾಶ್ರಮಗಳಲ್ಲಿ ರೋಗಿಗಳ ನೇರ ಆರೈಕೆ ಮಾಡಿದ ಆಶ್ರಯಾರ್ಥಿಗಳಿಗೂ 2020ರ ಡಿಸೆಂಬರ್ 14ರಿಂದ 2021ರ ಆಗಸ್ಟ್ 31ರವರೆಗೆ ಶಾಶ್ವತ ನಿವಾಸಕ್ಕೆ ಅವಕಾಶ ನೀಡಲಾಯಿತು. ಸ್ವಚ್ಛತೆ, ಕಾವಲು ಮುಂತಾದ ಕೆಲಸಗಳಲ್ಲಿದ್ದವರು ಈ ಯೋಜನೆಯ ಹೊರಗೆ ಉಳಿದರು. ಅದೇ ಕಟ್ಟಡದಲ್ಲಿ ಅದೇ ಅಪಾಯಕ್ಕೆ ಒಡ್ಡಿಕೊಂಡವರನ್ನು ಬೇರ್ಪಡಿಸಿದ್ದು ಟೀಕೆಗೆ ಒಳಗಾಯಿತು.

ಇನ್ನೊಂದೆಡೆ, ಶಾಶ್ವತ ನಿವಾಸದ ದೃಢೀಕರಣ ಪತ್ರ ಕೈಯಲ್ಲಿದ್ದರೂ ಪ್ರಯಾಣಿಸಲಾಗದೆ ಭಾರತ ಮುಂತಾದ ದೇಶಗಳಲ್ಲಿ ಉಳಿದವರೂ ಇದ್ದರು. 2020ರ ಮಾರ್ಚ್ 18ರ ನಂತರ ಅನುಮೋದನೆ ಪಡೆದವರಿಗೆ 2021ರ ಜೂನ್ 21ರವರೆಗೆ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ. ಭಾರತದಿಂದ ಕೆನಡಾಕ್ಕೆ ನೇರ ವಿಮಾನಗಳು 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತಿದ್ದವು. ಕೆಲಸಕ್ಕೆ ರಾಜೀನಾಮೆಯಿತ್ತು, ಮನೆ ಮಾರಿ, ಹೊರಡಲು ಸಿದ್ಧರಾಗಿದ್ದವರಿಗೆ ಇದು ಎರಡೂ ದೇಶಗಳಲ್ಲಿ ನೆಲೆಯಿಲ್ಲದ ಸ್ಥಿತಿಯಾಗಿತ್ತು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್

ಆಸ್ಟ್ರೇಲಿಯಾವು 2020ರ ಮಾರ್ಚ್ 20ರಿಂದ ಪ್ರಜೆಗಳು, ಶಾಶ್ವತ ನಿವಾಸಿಗಳು ಹಾಗೂ ಅವರ ನಿಕಟ ಕುಟುಂಬದವರನ್ನು ಹೊರತುಪಡಿಸಿ ಉಳಿದವರಿಗೆ ಗಡಿ ಮುಚ್ಚಿತು. ಮಾರ್ಚ್ 25ರಿಂದ ಪ್ರಜೆಗಳೂ ಶಾಶ್ವತ ನಿವಾಸಿಗಳೂ ಅನುಮತಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಹೀಗೆ ಒಂದು ವಿಚಿತ್ರ ಸನ್ನಿವೇಶ ಉಂಟಾಯಿತು: ತಾತ್ಕಾಲಿಕ ವೀಸಾದಾರರು ಹೊರಗೆ ಹೋಗಬಹುದಿತ್ತು, ಮರಳುವಂತಿರಲಿಲ್ಲ, ಪ್ರಜೆಗಳು ಮರಳಬಹುದಿತ್ತು, ಹೊರಗೆ ಹೋಗುವಂತಿರಲಿಲ್ಲ. ನಿಕಟ ಕುಟುಂಬವೆಂಬ ವ್ಯಾಖ್ಯೆಯಲ್ಲಿ ಸಂಗಾತಿ ಮತ್ತು ಅವಲಂಬಿತ ಮಕ್ಕಳು ಸೇರಿದ್ದರೇ ಹೊರತು ತಂದೆತಾಯಿಗಳು ಸೇರಿರಲಿಲ್ಲ. ಪ್ರಜೆಗಳ ತಂದೆತಾಯಿಗಳನ್ನು ಅದರಲ್ಲಿ ಸೇರಿಸಿದ್ದು 2021ರ ನವೆಂಬರ್ 1ರಿಂದ. ಹೆತ್ತವರನ್ನು ಕರೆಸಿಕೊಂಡು ಬಾಣಂತನ ಮಾಡಿಸಿಕೊಳ್ಳುವ, ಮೊಮ್ಮಕ್ಕಳನ್ನು ಅಜ್ಜ-ಅಜ್ಜಿಯರ ಮಡಿಲಿಗೆ ಹಾಕುವ ರೂಢಿಯಿರುವ ಭಾರತೀಯ ಕುಟುಂಬಗಳಿಗೆ ಇದು ವಿಶೇಷವಾಗಿ ನೋವುಂಟುಮಾಡಿತು.

ವೇತನ ಸಹಾಯಧನ ಯೋಜನೆಯು ಪ್ರಜೆಗಳಿಗೆ, ಶಾಶ್ವತ ನಿವಾಸಿಗಳಿಗೆ ಹಾಗೂ ವಿಶೇಷ ವೀಸಾ ಹೊಂದಿದ್ದ ನ್ಯೂಜಿಲೆಂಡಿನವರಿಗೆ ದೊರೆಯಿತು. ವಿದೇಶಿ ವಿದ್ಯಾರ್ಥಿಗಳು ಹಾಗೂ ತಾತ್ಕಾಲಿಕ ನೌಕರರು ಅದರಿಂದ ಹೊರಗುಳಿದರು. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಸಂದರ್ಶಕರೂ ವಿದ್ಯಾರ್ಥಿಗಳೂ ತಾಯ್ನಾಡಿಗೆ ಮರಳಬೇಕೆಂದು ಪ್ರಧಾನಿ ಸ್ಕಾಟ್ ಮಾರಿಸನ್ 2020ರ ಏಪ್ರಿಲ್‌ನಲ್ಲಿ ಸೂಚಿಸಿದರು.

ಪೌರತ್ವ ಸಮಾರಂಭಗಳನ್ನು ಮಾತ್ರ ಆಸ್ಟ್ರೇಲಿಯಾ ಬೇಗನೆ ಅಂತರಜಾಲಕ್ಕೆ ವರ್ಗಾಯಿಸಿತು. 2019–20ರ ಸಾಲಿನಲ್ಲಿ 2 ಲಕ್ಷಕ್ಕೂ ಹೆಚ್ಚು ಜನರು ಪೌರತ್ವ ಪಡೆದರು. ಅವರಲ್ಲಿ ಸುಮಾರು 38 ಸಾವಿರ ಜನರಿದ್ದ ಭಾರತೀಯರೇ ಮೊದಲ ಸ್ಥಾನದಲ್ಲಿದ್ದರು. 2020ರ ನವೆಂಬರ್ 15ರಿಂದ ಪೌರತ್ವ ಪರೀಕ್ಷೆಯಲ್ಲಿ ಆಸ್ಟ್ರೇಲಿಯಾದ ಮೌಲ್ಯಗಳ ಕುರಿತ ಐದು ಪ್ರಶ್ನೆಗಳನ್ನು ಸೇರಿಸಿ, ಐದಕ್ಕೂ ಸರಿಯುತ್ತರ ನೀಡುವುದನ್ನು ಕಡ್ಡಾಯಗೊಳಿಸಲಾಯಿತು.

ನ್ಯೂಜಿಲೆಂಡ್ 2021ರ ಸೆಪ್ಟೆಂಬರ್ 30ರಂದು ಒಂದು ಬಾರಿಯ ವಿಶೇಷ ನಿವಾಸ ವೀಸಾವನ್ನು ಘೋಷಿಸಿತು. ಗಡಿ ಮುಚ್ಚಿದ ಕಾಲದಲ್ಲಿ ದೇಶದಲ್ಲೇ ಉಳಿದು ದುಡಿದ ಸುಮಾರು 1.65 ಲಕ್ಷ ವಲಸಿಗರಿಗೆ ಇದರಿಂದ ಅನುಕೂಲವಾಗುವುದೆಂದು ಸರ್ಕಾರವು ಅಂದಾಜಿಸಿತ್ತು.

ಯುರೋಪಿನ ದೇಶಗಳು

ಸೇವೆಯನ್ನು ನೇರವಾಗಿ ಪೌರತ್ವದೊಂದಿಗೆ ಜೋಡಿಸಿದ ಮುಖ್ಯ ಉದಾಹರಣೆ ಫ್ರಾನ್ಸ್. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಪೌರತ್ವ ಖಾತೆಯ ಸಚಿವೆ ಮಾರ್ಲೆನ್ ಶಿಯಾಪ್ಪಾ ಅವರು ಸಾಂಕ್ರಾಮಿಕದ ಮುಂಚೂಣಿಯಲ್ಲಿ ದುಡಿದ ವಿದೇಶಿಯರ ಅರ್ಜಿಗಳನ್ನು ತ್ವರಿತವಾಗಿ ಪರಿಗಣಿಸುವ ಕ್ರಮವನ್ನು ಪ್ರಕಟಿಸಿದರು. ವಾಸದ ಅವಧಿಯನ್ನು ಐದು ವರ್ಷಗಳಿಂದ ಎರಡು ವರ್ಷಗಳಿಗೆ ಇಳಿಸಲು ಇದರಲ್ಲಿ ಅವಕಾಶವಿತ್ತು. ವೈದ್ಯರು, ದಾದಿಯರಲ್ಲದೆ ಸ್ವಚ್ಛತಾ ಕೆಲಸಗಾರರು, ಶಿಶುಪಾಲಕರು, ಅಂಗಡಿಯ ಹಣ ಸಂಗ್ರಾಹಕರು, ಕಾವಲುಗಾರರು ಮುಂತಾದವರೂ ಇದರ ವ್ಯಾಪ್ತಿಗೆ ಬಂದರು. ಒಂದು ವರ್ಷದಲ್ಲಿ 12 ಸಾವಿರಕ್ಕೂ ಹೆಚ್ಚು ಜನರು ಈ ಮಾರ್ಗದಲ್ಲಿ ಫ್ರೆಂಚ್ ಪ್ರಜೆಗಳಾದರು.

ಬ್ರಿಟನ್ನಿನಲ್ಲಿ ಪೌರತ್ವಕ್ಕೆ ಅಗತ್ಯವಾದ ಪರೀಕ್ಷಾ ಕೇಂದ್ರಗಳು 2020ರ ಮಾರ್ಚ್‌ನಲ್ಲಿ ಮುಚ್ಚಿದವು. ಸೋಂಕಿನಿಂದ ಮೃತರಾದ ವಿದೇಶಿ ಆರೋಗ್ಯ ಸೇವಕರ ಕುಟುಂಬಗಳಿಗೆ ಅನಿರ್ದಿಷ್ಟಾವಧಿ ವಾಸದ ಹಕ್ಕು ನೀಡುವ ಯೋಜನೆಯನ್ನು ಅಲ್ಲಿನ ಸರ್ಕಾರ ರೂಪಿಸಿತು. ಮೊದಲು ಅದರಿಂದ ಹೊರಗಿದ್ದ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಹಾಗೂ ಸಾಮಾಜಿಕ ಆರೈಕೆಯ ನೌಕರರನ್ನು ಸಾರ್ವಜನಿಕ ಒತ್ತಾಯದ ನಂತರ 2020ರ ಮೇ 20ರಂದು ಸೇರಿಸಲಾಯಿತು. ದುಡಿಯುವವನು ಬದುಕಿದ್ದಾಗ ದೊರೆಯದಿದ್ದ ಭದ್ರತೆಯು ಅವನ ಮರಣಾನಂತರ ಕುಟುಂಬಕ್ಕೆ ದೊರೆತುದು ಚರ್ಚೆಗೆ ಗ್ರಾಸವಾಯಿತು.

ಪೋರ್ಚುಗಲ್ 2020ರ ಮಾರ್ಚ್ ಅಂತ್ಯದಲ್ಲಿ, ಅರ್ಜಿ ಬಾಕಿಯಿದ್ದ ಎಲ್ಲ ವಲಸಿಗರನ್ನೂ ತಾತ್ಕಾಲಿಕವಾಗಿ ಕಾನೂನುಬದ್ಧ ನಿವಾಸಿಗಳೆಂದು ಪರಿಗಣಿಸಿತು. ಆರೋಗ್ಯ ಸೇವೆಯಿಂದ ಯಾರೂ ವಂಚಿತರಾಗಬಾರದೆಂಬುದು ಇದರ ಉದ್ದೇಶವಾಗಿತ್ತು.

ಕೊಲ್ಲಿ ರಾಷ್ಟ್ರಗಳು

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ವಲಸಿಗರಿಗೆ ಪೌರತ್ವದ ಹಾದಿಯೇ ಬಹುಮಟ್ಟಿಗೆ ಇಲ್ಲ. ಅಲ್ಲಿನ ವಾಸವು ಉದ್ಯೋಗ ಪರವಾನಗಿಯೊಂದಿಗೆ ಬೆಸೆದುಕೊಂಡಿರುತ್ತದೆ. ಕೆಲಸ ಕಳೆದುಕೊಂಡವರಿಗೆ ಊರಿಗೆ ಮರಳುವುದೊಂದೇ ದಾರಿಯಾಗಿತ್ತು. ಕರ್ನಾಟಕದ ಕರಾವಳಿಯ ಅನೇಕ ಕುಟುಂಬಗಳು ಈ ದೇಶಗಳ ಗಳಿಕೆಯನ್ನು ನೆಚ್ಚಿಕೊಂಡಿವೆ. ಭಾರತ ಸರ್ಕಾರದ ವಂದೇ ಭಾರತ್ ಅಭಿಯಾನವು 2020ರ ಮೇ 7ರಂದು ಆರಂಭವಾಗಿ, ಮೇ 12ರಂದು ದುಬೈಯಿಂದ ಮಂಗಳೂರಿಗೆ ವಿಮಾನ ಬಂದಿತು. ಗರ್ಭಿಣಿಯರು, ಕಾಯಿಲೆಯವರು, ಕೆಲಸ ಕಳೆದುಕೊಂಡವರು ಈ ಅಭಿಯಾನದಲ್ಲಿ ಆದ್ಯತೆ ಪಡೆದರು.

ಸಂಯುಕ್ತ ಅರಬ್ ಸಂಸ್ಥಾನವು 2021ರ ಜನವರಿಯಲ್ಲಿ ಕಾನೂನು ತಿದ್ದುಪಡಿ ಮಾಡಿ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳು, ಕಲಾವಿದರು ಮುಂತಾದ ಆಯ್ದ ವಿದೇಶಿಯರಿಗೆ ಪೌರತ್ವ ನೀಡಲು ಅವಕಾಶ ಕಲ್ಪಿಸಿತು. ಇದಕ್ಕೆ ವ್ಯಕ್ತಿಯು ತಾನಾಗಿ ಅರ್ಜಿ ಸಲ್ಲಿಸುವಂತಿಲ್ಲ. ಆಡಳಿತದ ನಾಮನಿರ್ದೇಶನ ಬೇಕು. ಆದ್ದರಿಂದ ಸಾಮಾನ್ಯ ನೌಕರರ ಸ್ಥಿತಿಯಲ್ಲಿ ಬದಲಾವಣೆಯಾಗಲಿಲ್ಲ.

ಭಾರತೀಯ ವಲಸಿಗರು ಮತ್ತು ಪೌರತ್ವ ತ್ಯಾಗ

ಭಾರತದ ಪೌರತ್ವ ಅಧಿನಿಯಮ, 1955ರ 9ನೇ ಪ್ರಕರಣದಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ವ್ಯಕ್ತಿಯ ಭಾರತೀಯ ಪೌರತ್ವವು ಕೊನೆಗೊಳ್ಳುತ್ತದೆ. ಅಂಥವರು ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ನಂತರ ಅವರು ಸಾಗರೋತ್ತರ ಭಾರತೀಯ ಪೌರರ ಕಾರ್ಡನ್ನು, ಅಂದರೆ ಒಸಿಐ ಕಾರ್ಡನ್ನು ಪಡೆಯಬಹುದು. ಇದು ಜೀವಮಾನಪೂರ್ತಿ ವೀಸಾರಹಿತ ಪ್ರವೇಶ ಮತ್ತು ಹಲವು ಆರ್ಥಿಕ ಸೌಲಭ್ಯಗಳನ್ನು ನೀಡುತ್ತದೆ. ಹೆಸರಿನಲ್ಲಿ ಪೌರ ಎಂಬ ಪದವಿದ್ದರೂ ಇದು ಪೌರತ್ವವಲ್ಲ. ಒಸಿಐ ಕಾರ್ಡುದಾರರು ಮತ ಚಲಾಯಿಸುವಂತಿಲ್ಲ, ಸಾಂವಿಧಾನಿಕ ಹುದ್ದೆಗಳನ್ನು ಹೊಂದುವಂತಿಲ್ಲ, ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಖರೀದಿಸುವಂತಿಲ್ಲ.

ಈ ವ್ಯತ್ಯಾಸವು 2020ರಲ್ಲಿ ಸ್ಪಷ್ಟವಾಗಿ ಗೋಚರಿಸಿತು. ಭಾರತವು ಮಾರ್ಚ್ 13ರಿಂದ ಬಹುತೇಕ ವೀಸಾಗಳ ಜೊತೆಗೆ ಒಸಿಐ ಕಾರ್ಡುದಾರರ ವೀಸಾರಹಿತ ಪ್ರವೇಶವನ್ನೂ ಅಮಾನತುಗೊಳಿಸಿತು. ಎಚ್-1ಬಿ ವೀಸಾದಲ್ಲಿದ್ದು ಕೆಲಸ ಕಳೆದುಕೊಂಡ ಕೆಲವು ಭಾರತೀಯ ದಂಪತಿಗಳು ಸ್ವದೇಶಕ್ಕೆ ಮರಳಲು ಬಯಸಿದಾಗ, ಅಮೆರಿಕದಲ್ಲಿ ಜನಿಸಿದ ಕಾರಣ ಅಲ್ಲಿನ ಪ್ರಜೆಗಳಾಗಿದ್ದ ಅವರ ಹಸುಗೂಸುಗಳಿಗೆ ವಿಮಾನ ಏರಲು ಅವಕಾಶ ದೊರೆಯಲಿಲ್ಲ. ತಂದೆತಾಯಿಗಳಿಗೆ ಉಳಿಯುವ ಹಕ್ಕಿಲ್ಲ, ಮಕ್ಕಳಿಗೆ ಹೊರಡುವ ಅವಕಾಶವಿಲ್ಲ ಎಂಬಂತಾಯಿತು. ಮೇ 22ರಂದು ಭಾರತ ಸರ್ಕಾರವು ಭಾರತೀಯ ಪ್ರಜೆಗಳಿಗೆ ವಿದೇಶದಲ್ಲಿ ಜನಿಸಿ ಒಸಿಐ ಕಾರ್ಡ್ ಹೊಂದಿರುವ ಅಪ್ರಾಪ್ತ ಮಕ್ಕಳು, ಕುಟುಂಬದಲ್ಲಿ ಸಾವಿನಂತಹ ತುರ್ತು ಸಂದರ್ಭವಿರುವವರು ಮುಂತಾದ ಕೆಲವು ವರ್ಗಗಳಿಗೆ ವಿನಾಯಿತಿ ನೀಡಿತು. ಎಲ್ಲ ಒಸಿಐ ಕಾರ್ಡುದಾರರಿಗೂ ಪ್ರವೇಶ ತೆರೆದದ್ದು ಅಕ್ಟೋಬರ್‌ನಲ್ಲಿ.

ಇದರಿಂದ ವಲಸಿಗರ ಮುಂದೆ ಪರಸ್ಪರ ವಿರುದ್ಧವಾದ ಎರಡು ಪಾಠಗಳು ನಿಂತವು. ವಿದೇಶಿ ಪೌರತ್ವವಿಲ್ಲದಿದ್ದರೆ ದುಡಿಮೆಯ ನೆಲೆಗೆ ಮರಳುವುದು ಅನಿಶ್ಚಿತ. ವಿದೇಶಿ ಪೌರತ್ವ ಪಡೆದರೆ ಹುಟ್ಟೂರಿನಲ್ಲಿರುವ ಮುಪ್ಪಿನ ಹೆತ್ತವರ ಬಳಿಗೆ ಬರುವುದು ಅನಿಶ್ಚಿತ.

ಭಾರತೀಯ ಪೌರತ್ವವನ್ನು ತ್ಯಜಿಸಿದವರ ಸಂಖ್ಯೆಯನ್ನು ಕೇಂದ್ರ ಸರ್ಕಾರವು ಸಂಸತ್ತಿಗೆ ಹೀಗೆ ತಿಳಿಸಿದೆ:

2018 – 1,34,561
2019 – 1,44,017
2020 – 85,256
2021 – 1,63,370
2022 – 2,25,620
2023 – 2,16,219

2021ರಲ್ಲಿ ಪೌರತ್ವ ತ್ಯಜಿಸಿದವರ ಪೈಕಿ 78,284 ಜನರು ಅಮೆರಿಕದ, 23,533 ಜನರು ಆಸ್ಟ್ರೇಲಿಯಾದ, 21,597 ಜನರು ಕೆನಡಾದ ಪೌರತ್ವ ಪಡೆದರು. ವ್ಯಕ್ತಿಗತ ಕಾರಣಗಳಿಂದ ಇವರು ಪೌರತ್ವ ತ್ಯಜಿಸಿದ್ದಾರೆಂದು ಸರ್ಕಾರವು ಹೇಳಿದೆ. ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 2020ರ ಇಳಿಕೆಯು ಆ ವರ್ಷ ವಿದೇಶಗಳ ಪ್ರಮಾಣವಚನ ಸಮಾರಂಭಗಳೂ ಭಾರತೀಯ ದೂತಾವಾಸಗಳ ಸೇವೆಗಳೂ ಕುಂಠಿತವಾಗಿದ್ದ ಕಾಲದ್ದು. ನಂತರದ ಏರಿಕೆಯಲ್ಲಿ ಹಿಂದಿನ ವರ್ಷದ ಬಾಕಿಯೂ ಸೇರಿರುವ ಸಾಧ್ಯತೆಯಿದೆ. ಆದರೂ 2022 ಮತ್ತು 2023ರ ಸಂಖ್ಯೆಗಳು ಸಾಂಕ್ರಾಮಿಕಕ್ಕೆ ಮುಂಚಿನ ಮಟ್ಟಕ್ಕಿಂತ ಬಹಳ ಮೇಲಿರುವುದರಿಂದ, ಬಾಕಿಯೊಂದರಿಂದಲೇ ಈ ಏರಿಕೆಯನ್ನು ವಿವರಿಸುವುದು ಕಷ್ಟ. ಹಿಂದಿನ ದಶಕದಲ್ಲಿ ವಲಸೆ ಹೋದವರು ಈಗ ಅರ್ಹತೆ ಪಡೆಯುತ್ತಿರುವುದೂ ಇದಕ್ಕೆ ಒಂದು ಕಾರಣ.

ಪೌರತ್ವದ ಮಿತಿಗಳು

ಪೌರತ್ವವು ಸಂಪೂರ್ಣ ಭದ್ರತೆ ನೀಡುತ್ತದೆಂಬ ನಂಬಿಕೆಯನ್ನೂ ಸಾಂಕ್ರಾಮಿಕವು ಪ್ರಶ್ನಿಸಿತು. ಭಾರತದಲ್ಲಿ ಎರಡನೆಯ ಅಲೆ ತೀವ್ರವಾಗಿದ್ದಾಗ ಆಸ್ಟ್ರೇಲಿಯಾ ಸರ್ಕಾರವು 2021ರ ಮೇ 3ರಿಂದ 15ರವರೆಗೆ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದ ಯಾರೇ ಆಗಲಿ ಆಸ್ಟ್ರೇಲಿಯಾವನ್ನು ಪ್ರವೇಶಿಸುವುದನ್ನು ನಿಷೇಧಿಸಿತು. ಈ ನಿಷೇಧವು ಸ್ವಂತ ಪ್ರಜೆಗಳಿಗೂ ಅನ್ವಯಿಸಿತು. ಜೈವಿಕ ಸುರಕ್ಷತಾ ಕಾಯ್ದೆಯಡಿ ಇದರ ಉಲ್ಲಂಘನೆಗೆ ಐದು ವರ್ಷಗಳವರೆಗಿನ ಸೆರೆವಾಸ ಅಥವಾ 66,600 ಆಸ್ಟ್ರೇಲಿಯನ್ ಡಾಲರ್‌ಗಳವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಿತ್ತು. ಆಗ ಸುಮಾರು 9 ಸಾವಿರ ಆಸ್ಟ್ರೇಲಿಯಾದವರು ಭಾರತದಿಂದ ಮರಳಲು ಕಾಯುತ್ತಿದ್ದರು. ಬೆಂಗಳೂರಿನಲ್ಲಿ ಸಿಲುಕಿದ್ದ ಒಬ್ಬ ಹಿರಿಯ ಆಸ್ಟ್ರೇಲಿಯಾ ಪ್ರಜೆ ಇದನ್ನು ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸಚಿವರ ಆದೇಶವು ಕಾಯ್ದೆಯ ವ್ಯಾಪ್ತಿಯಲ್ಲಿದೆಯೆಂದು ಮೇ 10ರಂದು ನ್ಯಾಯಾಲಯವು ಅವರ ಮೊದಲ ವಾದಗಳನ್ನು ತಳ್ಳಿಹಾಕಿತು.

ಎಲ್ಲೆಡೆಯೂ ಪೌರತ್ವದ ಆಸಕ್ತಿ ಹೆಚ್ಚಿತೆಂದು ಹೇಳಲೂ ಬರುವುದಿಲ್ಲ. ಕೆನಡಾದಲ್ಲಿ ಬಂದು ಹತ್ತು ವರ್ಷಗಳೊಳಗೆ ಪೌರತ್ವ ಪಡೆದ ಶಾಶ್ವತ ನಿವಾಸಿಗಳ ಪ್ರಮಾಣವು 2001ರಲ್ಲಿ ಸುಮಾರು ಶೇಕಡ 75 ಇದ್ದುದು, 2021ರ ಜನಗಣತಿಯ ವೇಳೆಗೆ ಸುಮಾರು ಶೇಕಡ 46ಕ್ಕೆ ಇಳಿದಿತ್ತು. ಈ ಇಳಿಕೆ ಸಾಂಕ್ರಾಮಿಕಕ್ಕೆ ಮೊದಲೇ ಆರಂಭವಾಗಿತ್ತು. ಕಚೇರಿಗಳ ವಿಳಂಬವು ಅದನ್ನು ಇನ್ನಷ್ಟು ಹೆಚ್ಚಿಸಿರಬಹುದು.

ದೀರ್ಘಕಾಲಿಕ ಪರಿಣಾಮಗಳು

ಸಾಂಕ್ರಾಮಿಕದ ಕಾಲದಲ್ಲಿ ಆರಂಭವಾದ ಕೆಲವು ವ್ಯವಸ್ಥೆಗಳು ನಂತರವೂ ಉಳಿದವು. ಕೆನಡಾದಲ್ಲಿ ಅಂತರಜಾಲದ ಪರೀಕ್ಷೆ ಹಾಗೂ ಸಮಾರಂಭಗಳು ಮುಂದುವರಿದಿವೆ. ಪ್ರಮಾಣವಚನವು ಜನರ ನಡುವೆ ನಿಂತು ಸ್ವೀಕರಿಸಬೇಕಾದ ಪವಿತ್ರ ಕ್ಷಣವೇ, ಇಲ್ಲವೇ ಮನೆಯಲ್ಲೇ ಮುಗಿಸಬಹುದಾದ ಕಾರ್ಯವೇ ಎಂಬ ಚರ್ಚೆಯೂ ಇದರಿಂದ ಹುಟ್ಟಿತು. ಅಗತ್ಯ ಸೇವೆಯ ಆಧಾರದ ಮೇಲೆ ನೀಡಿದ ವಿಶೇಷ ಅವಕಾಶಗಳಲ್ಲಿ ಹೆಚ್ಚಿನವು ಮಾತ್ರ ನಿಗದಿತ ಅವಧಿಗೆ ಸೀಮಿತವಾಗಿದ್ದು, ಅವಧಿಯೊಂದಿಗೆ ಕೊನೆಗೊಂಡವು.

ಭಾರತದಲ್ಲಿ 2021ರ ಏಪ್ರಿಲ್‌ನಲ್ಲಿ ಒಸಿಐ ಕಾರ್ಡಿನ ಮರುನೋಂದಣಿ ನಿಯಮಗಳನ್ನು ಸರಳಗೊಳಿಸಲಾಯಿತು. ನಿಯಮಿತ ಅಂತರರಾಷ್ಟ್ರೀಯ ವಿಮಾನ ಸಂಚಾರವು 2022ರ ಮಾರ್ಚ್ 27ರಂದು ಪುನರಾರಂಭವಾಯಿತು. ಇಬ್ಬಗೆಯ ಪೌರತ್ವ ಬೇಕೆಂಬ ಅನಿವಾಸಿ ಭಾರತೀಯರ ಹಳೆಯ ಬೇಡಿಕೆಗೆ ಸಾಂಕ್ರಾಮಿಕದ ಅನುಭವಗಳು ಹೊಸ ಆಧಾರಗಳನ್ನು ಒದಗಿಸಿದವಾದರೂ ಕಾನೂನಿನ ಮೂಲ ನಿಲುವು ಬದಲಾಗಿಲ್ಲ.